ಕತ್ತಲೆಯ ಚಿತ್ರ ತೆಗೆದ ಬರ್ನಾರ್ಡ್

ಮೋಡವಿಲ್ಲದ ಅಮಾವಾಸ್ಯೆಯ ರಾತ್ರಿ ಊರಿನ ದೀಪಗಳಿಂದ ದೂರ ನಿಂತು ತಲೆಯೆತ್ತಿ ನೋಡಿದವರಿಗೆ ಆಕಾಶಗಂಗೆ ಹಾಲು ಚೆಲ್ಲಿದಂತೆ ಕಾಣುತ್ತದೆ. ಇನ್ನಷ್ಟು ಹೊತ್ತು ನೋಡಿದರೆ ಆ ಬೆಳಕಿನ ಪಟ್ಟಿಯ ನಡುವೆ ಅಲ್ಲಲ್ಲಿ ಮಸಿ ಬಳಿದಂಥ ಕಪ್ಪು ತೇಪೆಗಳೂ ಕಾಣತೊಡಗುತ್ತವೆ. ಅಲ್ಲಿ ನಕ್ಷತ್ರಗಳೇ ಇಲ್ಲವೋ, ಅಥವಾ ಇರುವ ನಕ್ಷತ್ರಗಳನ್ನು ಏನೋ ಮರೆಮಾಡಿದೆಯೋ? ಮೇಲ್ನೋಟಕ್ಕೆ ಸಣ್ಣದೆನಿಸುವ ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ವಿಶ್ವದ ಅಳತೆಯೇ ತಪ್ಪಾಗಿತ್ತು. ಆ ಉತ್ತರಕ್ಕೆ ಬೇಕಾದ ಸಾಕ್ಷ್ಯವನ್ನು ಬೆಟ್ಟದ ತುದಿಗಳಲ್ಲಿ ರಾತ್ರಿಯಿಡೀ ಕುಳಿತು ಒಂದೊಂದಾಗಿ ಕಲೆಹಾಕಿದವನು ಅಮೆರಿಕದ ಎಡ್ವರ್ಡ್ ಎಮರ್ಸನ್ ಬರ್ನಾರ್ಡ್. ಆತ ಶಾಲೆಗೆ ಹೋದದ್ದು ಸುಮಾರು ಎರಡು ತಿಂಗಳು ಮಾತ್ರ. ಕಲಿತ ಕಸುಬು ಫೋಟೊ ಸ್ಟುಡಿಯೊದ್ದು.

ಟೆನೆಸೀ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿ 1857ರ ಡಿಸೆಂಬರ್ 16ರಂದು ಹುಟ್ಟಿದ ಬರ್ನಾರ್ಡ್ ತಂದೆಯ ಮುಖ ಕಾಣಲಿಲ್ಲ. ಮಗು ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದ. ತಾಯಿಯದು ಕಡುಬಡತನದ ಸಂಸಾರ. ಮಗನಿಗೆ ಅಕ್ಷರ ಕಲಿಸಿದವಳೂ ಅವಳೇ. ಅಂತರ್ಯುದ್ಧ ಮುಗಿದಾಗ ಊರು ಬಸವಳಿದುಹೋಗಿತ್ತು. 1866ರಲ್ಲಿ, ಒಂಬತ್ತು ವರ್ಷದ ಆಸುಪಾಸಿನಲ್ಲಿದ್ದ ಹುಡುಗನನ್ನು ತಾಯಿ ಅಲ್ಲಿನ ಒಂದು ಫೋಟೊ ಸ್ಟುಡಿಯೊದಲ್ಲಿ ಕೆಲಸಕ್ಕೆ ಸೇರಿಸಿದಳು.

ವಿದ್ಯುದ್ದೀಪವಿಲ್ಲದ ಕಾಲ ಅದು. ಚಿತ್ರವನ್ನು ದೊಡ್ಡದು ಮಾಡಬೇಕಾದರೆ ಬಿಸಿಲೇ ಬೆಳಕು. ಅದಕ್ಕೆಂದು ಸ್ಟುಡಿಯೊದ ಮಾಳಿಗೆಯ ಮೇಲೆ ಒಂದು ಭಾರೀ ಯಂತ್ರವಿತ್ತು. ಸೂರ್ಯ ಚಲಿಸಿದಂತೆಲ್ಲ ಅದನ್ನು ಕೈಯಿಂದಲೇ ತಿರುಗಿಸುತ್ತ, ಬಿಸಿಲು ಮಸೂರದ ಮೇಲೆ ನೇರವಾಗಿ ಬೀಳುವಂತೆ ಸದಾ ನೋಡಿಕೊಳ್ಳಬೇಕು. ಹುಡುಗನ ಕೆಲಸ ಅದೇ. ಹಿಂದೆ ಆ ಕೆಲಸಕ್ಕಿದ್ದ ಹುಡುಗರು ಬೆಚ್ಚನೆಯ ಬಿಸಿಲಿಗೆ ತೂಕಡಿಸಿ ನಿದ್ದೆ ಹೋಗುತ್ತಿದ್ದರಂತೆ. ಬರ್ನಾರ್ಡ್ ನಿದ್ದೆ ಮಾಡಲಿಲ್ಲ. ಬದಲಿಗೆ, ಗಡಿಯಾರದ ಹನ್ನೆರಡು ಗಂಟೆಗೂ ಸೂರ್ಯನ ನಡುಹಗಲಿಗೂ ವರ್ಷವಿಡೀ ತಾಳೆಯಾಗುವುದಿಲ್ಲ ಎಂಬುದನ್ನು ಯಾರೂ ಹೇಳಿಕೊಡದೆ ಕಂಡುಕೊಂಡ. ಆ ಯಂತ್ರಕ್ಕೆ ಒಡೆಯ ಇಟ್ಟಿದ್ದ ಹೆಸರು ಜ್ಯುಪಿಟರ್, ಅಂದರೆ ಗುರು.

ಸಂಜೆ ಮನೆಗೆ ನಡೆದು ಹೋಗುವಾಗ ಜೊತೆಗಿದ್ದುದು ನಕ್ಷತ್ರಗಳು. ಅವುಗಳ ಹೆಸರು ಗೊತ್ತಿರಲಿಲ್ಲ, ಗುರುತು ಮಾತ್ರ ಇತ್ತು. ಮುಂದೊಮ್ಮೆ ಎರಡು ಡಾಲರ್ ಕೈಗಡ ಕೇಳಿ ಬಂದವನೊಬ್ಬ ಅಡವಾಗಿ ಒಂದು ಪುಸ್ತಕವನ್ನು ಬಿಟ್ಟುಹೋದ. ಸಾಲ ವಾಪಸು ಬರಲಿಲ್ಲ, ಪುಸ್ತಕ ಉಳಿಯಿತು. ಅದು ಥಾಮಸ್ ಡಿಕ್ ಬರೆದ ಖಗೋಳದ ಪುಸ್ತಕ. ಅದರೊಳಗಿನ ನಕ್ಷೆಗಳನ್ನು ಕಿಟಕಿಯಾಚೆಯ ಆಕಾಶಕ್ಕೆ ಹೋಲಿಸಿ ನೋಡಿದಾಗ, ಬಾಲ್ಯದ ಸಂಗಾತಿಗಳ ಹೆಸರುಗಳು ಮೊದಲ ಬಾರಿಗೆ ಗೊತ್ತಾದವು. ಸ್ವಲ್ಪ ಕಾಲದಲ್ಲೇ ಆತ ಐದು ಇಂಚಿನ ದೂರದರ್ಶಕವೊಂದನ್ನು ಕೊಂಡ. ಬೆಲೆ 380 ಡಾಲರ್, ವರ್ಷದ ದುಡಿಮೆಯ ಮೂರರಲ್ಲಿ ಎರಡು ಪಾಲು.

1877ರಲ್ಲಿ ವಿಜ್ಞಾನಿಗಳ ದೊಡ್ಡ ಸಮ್ಮೇಳನ ನ್ಯಾಶ್‌ವಿಲ್‌ನಲ್ಲೇ ನಡೆಯಿತು. ದೇಶದ ಹಿರಿಯ ಖಗೋಳವಿಜ್ಞಾನಿ ಸೈಮನ್ ನ್ಯೂಕಂಬ್‌ನನ್ನು ಕಂಡು ಬರ್ನಾರ್ಡ್ ಸಲಹೆ ಕೇಳಿದ. ಗಣಿತ ಬಾರದವನಿಗೆ ಈ ವಿಜ್ಞಾನದಲ್ಲಿ ಹೆಚ್ಚಿನದೇನೂ ಸಾಧ್ಯವಿಲ್ಲ, ಬೇಕಾದರೆ ಧೂಮಕೇತುಗಳನ್ನು ಹುಡುಕಬಹುದು ಎಂಬ ಅರ್ಥದ ಉತ್ತರ ಬಂತು. ಯುವಕ ಕಂಬದ ಮರೆಗೆ ಹೋಗಿ ಅತ್ತನೆಂದು ಆತನ ಜೀವನವನ್ನು ಬರೆದವರು ಹೇಳುತ್ತಾರೆ. ಅತ್ತು ಮುಗಿದ ಮೇಲೆ ಎರಡೂ ಕೆಲಸಕ್ಕೆ ಕೈಹಾಕಿದ: ಮೇಷ್ಟರೊಬ್ಬರನ್ನು ಹಿಡಿದು ಗಣಿತ ಕಲಿಯತೊಡಗಿದ, ರಾತ್ರಿ ಧೂಮಕೇತುಗಳ ಬೇಟೆಗೆ ಹೊರಟ. ಹೊಸ ಧೂಮಕೇತು ಕಂಡವರಿಗೆ ಧನಿಕನೊಬ್ಬ 200 ಡಾಲರ್ ಬಹುಮಾನ ಇಟ್ಟಿದ್ದ ಕಾಲ ಅದು. 1881ರಲ್ಲಿ ಬರ್ನಾರ್ಡ್‌ಗೆ ಮೊದಲ ಬಹುಮಾನ ಬಂತು. ಅದೇ ವರ್ಷ ಸ್ಟುಡಿಯೊದಲ್ಲಿ ಜೊತೆಗೆ ದುಡಿಯುತ್ತಿದ್ದ ಕಲಾವಿದರ ಸೋದರಿ ರೋಡಾ ಕ್ಯಾಲ್ವರ್ಟ್‌ಳನ್ನು ಮದುವೆಯಾಗಿದ್ದ. ಮನೆ ಕಟ್ಟಲು ಮಾಡಿದ ಸಾಲದ ಕಂತುಗಳನ್ನು ತೀರಿಸಿದ್ದು ಒಂದರ ಹಿಂದೊಂದು ಬಂದ ಧೂಮಕೇತುಗಳೇ. ಧೂಮಕೇತು ಅಪಶಕುನವೆಂಬ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಉತ್ತರ ಇರಲಾರದು. 1883ರಲ್ಲಿ ಊರಿನ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಆತನನ್ನು ಕರೆದು ತನ್ನ ಪುಟ್ಟ ವೀಕ್ಷಣಾಲಯವನ್ನು ಒಪ್ಪಿಸಿತು, ಪಾಠವನ್ನೂ ಹೇಳಿಸಿತು.

ಆ ಹೊತ್ತಿಗೆ ಕ್ಯಾಲಿಫೋರ್ನಿಯದಲ್ಲಿ ಹಿಂದೆಂದೂ ಆಗದ ಕೆಲಸವೊಂದು ನಡೆದಿತ್ತು. ಪಿಯಾನೊ ತಯಾರಿಸಿ, ಜಮೀನು ಕೊಂಡು ಕುಬೇರನಾದ ಜೇಮ್ಸ್ ಲಿಕ್ ಸಾಯುವ ಮುನ್ನ ಅತಿ ಶಕ್ತಿಶಾಲಿ ದೂರದರ್ಶಕಕ್ಕೆಂದು ಹಣ ಇಟ್ಟಿದ್ದ. ಸ್ಯಾನ್ ಹೋಸೆ ನಗರದ ಪೂರ್ವಕ್ಕೆ, ಸುಮಾರು 4,200 ಅಡಿ ಎತ್ತರದ ಹ್ಯಾಮಿಲ್ಟನ್ ಬೆಟ್ಟದ ನೆತ್ತಿಯನ್ನು ಸಿಡಿಮದ್ದಿನಿಂದ ಸಮ ಮಾಡಿ ವೀಕ್ಷಣಾಲಯ ಕಟ್ಟಲಾಯಿತು. ಖಗೋಳಜ್ಞರು ವರ್ಷವಿಡೀ ವಾಸವಿದ್ದು ಕೆಲಸ ಮಾಡುವ ಮೊದಲ ಗಿರಿಶಿಖರ ವೀಕ್ಷಣಾಲಯ ಅದು. 36 ಇಂಚಿನ ಮಸೂರದ ಅದರ ದೂರದರ್ಶಕ ಆಗ ಜಗತ್ತಿನಲ್ಲೇ ದೊಡ್ಡದು. ಅದನ್ನು ಹೊತ್ತ ಕಂಬದ ಬುಡದಲ್ಲೇ ಲಿಕ್‌ನ ಸಮಾಧಿ ಇದೆ. ಶಾಂತಸಾಗರದಿಂದ ಬರುವ ಮಂಜು ಎಷ್ಟೋ ರಾತ್ರಿ ಕೆಳಗಿನ ಕಣಿವೆಯನ್ನು ತುಂಬಿ, ಊರನ್ನೂ ದೀಪಗಳನ್ನೂ ಮುಚ್ಚಿಬಿಡುತ್ತದೆ. ಬೆಟ್ಟದ ತುದಿ ಮಾತ್ರ ಬಿಳಿಯ ಕಡಲಿನ ನಡುವಣ ದ್ವೀಪದಂತೆ ಉಳಿಯುತ್ತದೆ. 1888ರಲ್ಲಿ ವೀಕ್ಷಣಾಲಯ ಶುರುವಾದಾಗ ಅಲ್ಲಿಗೆ ಬಂದು ನೆಲೆಸಿದ ಕೆಲವೇ ಮಂದಿಯಲ್ಲಿ ಬರ್ನಾರ್ಡ್ ಒಬ್ಬ.

ದೊಡ್ಡ ದೂರದರ್ಶಕ ಹಿರಿಯರ ಪಾಲಾಯಿತು. ಬರ್ನಾರ್ಡ್ ಕೈಗೆ ಬಂದದ್ದು ಆರು ಇಂಚಿನ ಒಂದು ಹಳೆಯ ಮಸೂರ. ಸ್ಟುಡಿಯೊಗಳಲ್ಲಿ ಮುಖದ ಚಿತ್ರ ತೆಗೆಯಲೆಂದೇ ಮಾಡಿದ್ದ ಮಸೂರ ಅದು. ಫೋಟೊ ಫಲಕಗಳು ಮಂದವಾಗಿದ್ದ ಕಾಲದಲ್ಲಿ ಕುರ್ಚಿಯಲ್ಲಿ ಕುಳಿತವರು ಅಲುಗಾಡುವ ಮೊದಲೇ ಚಿತ್ರ ಮೂಡಬೇಕಿತ್ತು. ಅದಕ್ಕಾಗಿ ಮಸೂರ ಹೆಚ್ಚು ಬೆಳಕನ್ನು ಒಮ್ಮೆಗೇ ಹಿಡಿಯಬೇಕಿತ್ತು. ಆಕಾಶಗಂಗೆಗೆ ಬೇಕಾದದ್ದೂ ಅದೇ. ದೊಡ್ಡ ದೂರದರ್ಶಕ ಆಕಾಶದ ಒಂದು ಚುಕ್ಕೆಯಷ್ಟು ಜಾಗವನ್ನು ಹಿಗ್ಗಿಸಿ ತೋರಿಸುತ್ತದೆ. ಈ ಮಸೂರ ವಿಶಾಲವಾದ ತುಣುಕನ್ನೇ, ಅದರ ಮಸುಕು ಹೊಳಪಿನೊಂದಿಗೆ, ಫಲಕದ ಮೇಲೆ ಇಳಿಸುತ್ತಿತ್ತು. ಮುಖಗಳ ನಡುವೆ ಹದಿನೇಳು ವರ್ಷ ದುಡಿದವನಿಗೆ ಅದರ ಬೆಲೆ ಗೊತ್ತಿತ್ತು.

1889ರ ಬೇಸಿಗೆಯಲ್ಲಿ ಆತ ಆ ಕ್ಯಾಮೆರಾವನ್ನು ಸಣ್ಣ ದೂರದರ್ಶಕವೊಂದಕ್ಕೆ ಜೋಡಿಸಿ ಧನು ರಾಶಿಯ ಕಡೆಗೆ ತಿರುಗಿಸಿದ. ಭೂಮಿ ತಿರುಗುವುದರಿಂದ ಆಕಾಶ ನಿಲ್ಲುವುದಿಲ್ಲ. ಗಡಿಯಾರದ ಯಂತ್ರ ದೂರದರ್ಶಕವನ್ನು ಅದರ ಹಿಂದೆ ಒಯ್ಯುತ್ತದೆ, ಆದರೆ ಕರಾರುವಾಕ್ಕಾಗಿ ಅಲ್ಲ. ಆದ್ದರಿಂದ ಮೂರು, ನಾಲ್ಕು ಗಂಟೆ ಕಣ್ಣನ್ನು ದೂರದರ್ಶಕಕ್ಕೆ ಒತ್ತಿ, ಎಳೆಗಳ ಅಡ್ಡಗೆರೆಯ ಮೇಲೆ ಒಂದೇ ನಕ್ಷತ್ರವನ್ನು ಹಿಡಿದು, ಅದು ಕೂದಲೆಳೆಯಷ್ಟು ಸರಿದರೂ ಕೈಯಿಂದ ತಿದ್ದಬೇಕು. ಮಾಳಿಗೆಯ ಮೇಲೆ ಸೂರ್ಯನನ್ನು ಹಿಂಬಾಲಿಸಿದ ಹುಡುಗ ಈಗ ಬೆಟ್ಟದ ಮೇಲೆ ನಕ್ಷತ್ರವನ್ನು ಹಿಂಬಾಲಿಸುತ್ತಿದ್ದ. ಕೆಲಸ ಒಂದೇ, ಬಿಸಿಲಿನ ಜಾಗದಲ್ಲಿ ಚಳಿ. ಫಲಕವನ್ನು ದ್ರಾವಣದಲ್ಲಿ ತೊಳೆದಾಗ ಮೂಡಿದ್ದು ಯಾರೂ ನೋಡಿರದ ಆಕಾಶಗಂಗೆ: ರಾಶಿ ರಾಶಿ ನಕ್ಷತ್ರಗಳ ಮೋಡಗಳು, ಅವುಗಳನ್ನು ಸೀಳಿಕೊಂಡು ಹೋಗುವ ಕಪ್ಪು ಓಣಿಗಳು, ಅಂಚು ಸ್ಪಷ್ಟವಾಗಿ ಕಾಣುವ ಕಪ್ಪು ಮಡುಗಳು.

1892 ಆತನಿಗೆ ಕೀರ್ತಿ ತಂದ ವರ್ಷ. ಕೊನೆಗೂ ವಾರಕ್ಕೊಂದು ರಾತ್ರಿ ದೊಡ್ಡ ದೂರದರ್ಶಕ ಸಿಕ್ಕಿತು. ಸೆಪ್ಟೆಂಬರ್ 9ರ ರಾತ್ರಿ, ಗುರುಗ್ರಹದ ಪ್ರಖರ ಬೆಳಕಿನ ಮಗ್ಗುಲಲ್ಲೇ ಆತ ಒಂದು ಅತಿ ಸಣ್ಣ ಚುಕ್ಕೆಯನ್ನು ಗುರುತಿಸಿದ. ಅದು ಗುರುವಿನ ಐದನೆಯ ಚಂದ್ರ. 1610ರಲ್ಲಿ ಗೆಲಿಲಿಯೊ ನಾಲ್ಕು ಚಂದ್ರಗಳನ್ನು ಕಂಡ ಮೇಲೆ 282 ವರ್ಷ ಯಾರಿಗೂ ಐದನೆಯದು ಸಿಕ್ಕಿರಲಿಲ್ಲ. ಜ್ಯುಪಿಟರ್ ಎಂಬ ಯಂತ್ರವನ್ನು ತಿರುಗಿಸುತ್ತಿದ್ದ ಹುಡುಗನಿಗೇ ಅದು ಒಲಿಯಿತು. ಮರುತಿಂಗಳು, ಅಕ್ಟೋಬರ್ 12ರಂದು ತೆಗೆದ ಫಲಕದಲ್ಲಿ ಹೊಸ ಧೂಮಕೇತುವೊಂದರ ಗೆರೆ ಮೂಡಿತ್ತು. ಛಾಯಾಚಿತ್ರದ ಮೂಲಕ ಪತ್ತೆಯಾದ ಮೊದಲ ಧೂಮಕೇತು ಅದು. ಆದರೆ ವೀಕ್ಷಣಾಲಯದ ನಿರ್ದೇಶಕ ಎಡ್ವರ್ಡ್ ಹೋಲ್ಡನ್ ಜೊತೆಗಿನ ಮನಸ್ತಾಪ ಮುಗಿಯಲೇ ಇಲ್ಲ. 1895ರಲ್ಲಿ ಬರ್ನಾರ್ಡ್ ಬೆಟ್ಟ ಇಳಿದು, ಷಿಕಾಗೊ ವಿಶ್ವವಿದ್ಯಾಲಯ ಕಟ್ಟುತ್ತಿದ್ದ ಯರ್ಕಿಸ್ ವೀಕ್ಷಣಾಲಯದ ಕೆಲಸಕ್ಕೆ ಸೇರಿದ.

ಹೋಗುವಾಗ ಒಂದು ಒಗಟನ್ನೂ ಹೊತ್ತುಕೊಂಡು ಹೋದ. ಆ ಕಪ್ಪು ತೇಪೆಗಳು ಆಕಾಶದಲ್ಲಿನ ತೂತುಗಳೆಂದು ವಿಲಿಯಂ ಹರ್ಷೆಲ್ ಕಾಲದಿಂದಲೂ ಅನೇಕರು ನಂಬಿದ್ದರು. ಬರ್ನಾರ್ಡ್ ಕೂಡ ಬಹುಕಾಲ ಹಾಗೆಯೇ ಎಣಿಸಿದ್ದ. ಆತನ ಚಿತ್ರಗಳನ್ನು ನೋಡಿದ ಇಂಗ್ಲೆಂಡಿನ ಪತ್ರಿಕಾ ಸಂಪಾದಕ ಆರ್ಥರ್ ರಾನ್ಯಾರ್ಡ್, ಅವು ತೂತುಗಳಲ್ಲ, ಮುಂದೆ ನಿಂತು ಬೆಳಕನ್ನು ತಡೆಯುವ ವಸ್ತು ಎಂದು ಸೂಚಿಸಿದರೂ ಬರ್ನಾರ್ಡ್ ಒಪ್ಪಲಿಲ್ಲ. ಇನ್ನೊಬ್ಬ ಮೊದಲೇ ಸರಿಯಾದ ಉತ್ತರ ಹೇಳಿದ್ದನಲ್ಲವೇ ಎಂದು ನಾವು ಕೇಳಬಹುದು. ಹೌದು. ಆದರೆ ಹೇಳುವುದು ಬೇರೆ, ತೋರಿಸುವುದು ಬೇರೆ. ಬರ್ನಾರ್ಡ್ ವಾದಕ್ಕೆ ಇಳಿಯದೆ ಇನ್ನಷ್ಟು ಫಲಕಗಳನ್ನು ತೆಗೆಯುವ ದಾರಿ ಹಿಡಿದ.

ಯರ್ಕಿಸ್ ಇದ್ದದ್ದು ವಿಸ್ಕಾನ್ಸಿನ್ ರಾಜ್ಯದ ಸರೋವರವೊಂದರ ದಡದಲ್ಲಿ. ಅಷ್ಟು ಉತ್ತರದಿಂದ ನೋಡಿದರೆ ಆಕಾಶಗಂಗೆಯ ಸಮೃದ್ಧ ಭಾಗವಾದ ಧನು, ವೃಶ್ಚಿಕ ರಾಶಿಗಳು ದಿಗಂತದ ಮಬ್ಬಿನಲ್ಲೇ ಉಳಿಯುತ್ತವೆ. ಕ್ಯಾಥರಿನ್ ಬ್ರೂಸ್ ಎಂಬ ದಾನಿ ಕೊಡಿಸಿದ ಹತ್ತು ಇಂಚಿನ ಹೊಸ ಕ್ಯಾಮೆರಾ ದೂರದರ್ಶಕವನ್ನು 1905ರಲ್ಲಿ ಬರ್ನಾರ್ಡ್ ಕ್ಯಾಲಿಫೋರ್ನಿಯದ ಮೌಂಟ್ ವಿಲ್ಸನ್‌ಗೆ ಸಾಗಿಸಿದ. ಜಾರ್ಜ್ ಎಲರಿ ಹೇಲ್ ಆಗಷ್ಟೇ ಅಲ್ಲಿ ವೀಕ್ಷಣಾಲಯ ಆರಂಭಿಸಿದ್ದ. ದಾರಿ ಸರಿಯಿಲ್ಲದ ಆ ಬೆಟ್ಟದಲ್ಲಿ ಜನವರಿಯಿಂದ ಸೆಪ್ಟೆಂಬರ್‌ವರೆಗೆ, ನಿದ್ದೆಯ ಹಂಗು ತೊರೆದವನಂತೆ ಆತ ಚಿತ್ರ ತೆಗೆದ. ಮುಂದೆ ಬಂದ ಮಹಾಸಂಪುಟದ 50 ಫಲಕಗಳಲ್ಲಿ 40 ಆ ಒಂಬತ್ತು ತಿಂಗಳ ಫಸಲು.

ಒಗಟು ಬಿಡಿಸಿದ್ದು ಒಂದು ಸಾಮಾನ್ಯ ದೃಶ್ಯ. 1913ರ ಬೇಸಿಗೆಯ ಒಂದು ರಾತ್ರಿ ಆತ ಆಕಾಶಗಂಗೆಯ ಚಿತ್ರ ತೆಗೆಯುತ್ತಿದ್ದಾಗ ಸಣ್ಣ ಸಣ್ಣ ಮೋಡಗಳು ಸಾಲಾಗಿ ತೇಲಿ ಬಂದವು. ಹಗಲಿನಲ್ಲಿ ಬೆಳ್ಳಗೆ ಕಾಣುವ ಅವು ನಕ್ಷತ್ರಗಳ ಹಿನ್ನೆಲೆಯಲ್ಲಿ ಶಾಯಿಯಷ್ಟು ಕಪ್ಪಾಗಿದ್ದವು. ತನ್ನ ಫಲಕಗಳ ಮೇಲಿನ ಕಪ್ಪು ಗುರುತುಗಳನ್ನೇ ಅವು ಹೋಲುತ್ತಿರುವುದು ಆತನ ಮನಸ್ಸಿಗೆ ನಾಟಿತು. ಆ ಬಳಿಕ ಆತನ ಸಂಶಯ ಕರಗುತ್ತ ಹೋಯಿತು. 1919ರಲ್ಲಿ ಇಂಥ 182 ಕಪ್ಪು ಗುರುತುಗಳ ಪಟ್ಟಿ ಪ್ರಕಟಿಸಿದಾಗ, ಅವುಗಳಲ್ಲಿ ಬಹುಪಾಲು ಬೆಳಕನ್ನು ತಡೆಯುವ ವಸ್ತುಗಳೇ ಎಂಬ ನಿಲುವಿಗೆ ಬಂದಿದ್ದ. ಮೂವತ್ತು ವರ್ಷ ತಾನು ಎಣಿಸಿದ್ದನ್ನು ತನ್ನದೇ ಚಿತ್ರಗಳ ಮುಂದೆ ಬಿಟ್ಟುಕೊಡುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ.

ಮುದ್ರಣದ ವಿಷಯದಲ್ಲಿ ಮಾತ್ರ ಆತ ಯಾವ ರಾಜಿಗೂ ಒಪ್ಪಲಿಲ್ಲ. ಲಿಕ್‌ನಲ್ಲಿ ತೆಗೆದ ಚಿತ್ರಗಳು ಪುಸ್ತಕವಾಗಿ ಹೊರಬಂದದ್ದು 1913ರಲ್ಲಿ; ಯಾವ ಮುದ್ರಣವೂ ಮಸುಕು ನೀಹಾರಿಕೆಗಳಿಗೆ ನ್ಯಾಯ ಸಲ್ಲಿಸುತ್ತಿಲ್ಲವೆಂದು ವರ್ಷಗಟ್ಟಲೆ ತಿರಸ್ಕರಿಸುತ್ತ ಬಂದಿದ್ದ. ಎರಡನೆಯ ಸಂಪುಟಕ್ಕೆ ಅಚ್ಚಿನ ಬದಲು ಅಸಲಿ ಫೋಟೊ ಪ್ರತಿಗಳನ್ನೇ ಅಂಟಿಸಬೇಕೆಂದು ಪಟ್ಟುಹಿಡಿದು, 700 ಸಂಪುಟಗಳಿಗಾಗಿ ತಯಾರಾದ 35 ಸಾವಿರಕ್ಕೂ ಹೆಚ್ಚು ಪ್ರತಿಗಳನ್ನು ತಾನೇ ಪರೀಕ್ಷಿಸಿದ. ಸಂಪುಟವನ್ನು ನೋಡುವ ಭಾಗ್ಯ ಆತನಿಗೆ ಇರಲಿಲ್ಲ. 1921ರಲ್ಲಿ ರೋಡಾ ತೀರಿಕೊಂಡಳು. 1923ರ ಫೆಬ್ರವರಿ 6ರಂದು ಬರ್ನಾರ್ಡ್ ಕೂಡ ಕಣ್ಮುಚ್ಚಿದ. ಅರ್ಧಕ್ಕೆ ನಿಂತ ಕೆಲಸವನ್ನು ಯರ್ಕಿಸ್‌ನ ನಿರ್ದೇಶಕ ಎಡ್ವಿನ್ ಫ್ರಾಸ್ಟ್ ಮತ್ತು ವರ್ಷಗಳಿಂದ ಬರ್ನಾರ್ಡ್‌ಗೆ ಸಹಾಯಕಿಯಾಗಿದ್ದ, ರೋಡಾಳ ಸೋದರನ ಮಗಳು ಮೇರಿ ಕ್ಯಾಲ್ವರ್ಟ್ ಪೂರೈಸಿದರು. 1927ರಲ್ಲಿ ಆಕಾಶಗಂಗೆಯ ಆ ಸಂಪುಟ ಬೆಳಕು ಕಂಡಿತು.

ಮೂರೇ ವರ್ಷದಲ್ಲಿ, 1930ರಲ್ಲಿ, ಅದೇ ಹ್ಯಾಮಿಲ್ಟನ್ ಬೆಟ್ಟದ ರಾಬರ್ಟ್ ಟ್ರಂಪ್ಲರ್ ನಕ್ಷತ್ರಗುಚ್ಛಗಳ ಅಧ್ಯಯನದಿಂದ ಕೊನೆಯ ಸಂಶಯವನ್ನೂ ತೆಗೆದುಹಾಕಿದ. ನಕ್ಷತ್ರಗಳ ನಡುವಣ ಜಾಗ ಖಾಲಿಯಲ್ಲ, ಅಲ್ಲಿನ ಧೂಳು ಬೆಳಕನ್ನು ಹೀರುತ್ತದೆ, ಆದ್ದರಿಂದ ದೂರದ ನಕ್ಷತ್ರಗಳು ಇರುವುದಕ್ಕಿಂತ ಹೆಚ್ಚು ದೂರ ಇರುವಂತೆ ತೋರುತ್ತವೆ. ಆಕಾಶಗಂಗೆಯ ಅಳತೆ ತಿದ್ದಬೇಕಾಯಿತು. ಬರ್ನಾರ್ಡ್ ಪಟ್ಟಿಯ 68ನೆಯ ಗುರುತು ಸುಮಾರು ಮೈನಸ್ 263 ಡಿಗ್ರಿಯಷ್ಟು ತಣ್ಣಗಿರುವ ಧೂಳು-ಅನಿಲದ ಮುದ್ದೆ ಎಂಬುದು ಇಂದು ಗೊತ್ತಾಗಿದೆ. ಕುದುರೆಯ ತಲೆಯಂತೆ ಕಾಣುವ 33ನೆಯ ಗುರುತನ್ನು 2024ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಸೂಕ್ಷ್ಮವಾಗಿ ಚಿತ್ರಿಸಿತು. ಇಂಥ ಕತ್ತಲೆಯ ಗರ್ಭದಲ್ಲೇ ಹೊಸ ನಕ್ಷತ್ರಗಳು ಹುಟ್ಟುತ್ತವೆ. ತೂತೆಂದುಕೊಂಡದ್ದು ತೊಟ್ಟಿಲಾಗಿತ್ತು.

ಹ್ಯಾಮಿಲ್ಟನ್ ಬೆಟ್ಟದ ಕತ್ತಲೆ ಮಾತ್ರ ಉಳಿಯಲಿಲ್ಲ. ಕೆಳಗಿನ ಸ್ಯಾನ್ ಹೋಸೆ ಮಹಾನಗರವಾಗಿ ಬೆಳೆಯಿತು. 1980ರ ದಶಕದಲ್ಲಿ ಆ ನಗರ ವೀಕ್ಷಣಾಲಯಕ್ಕಾಗಿಯೇ ಬೀದಿಗಳಿಗೆ ಹಳದಿ ಸೋಡಿಯಂ ದೀಪಗಳನ್ನು ಹಾಕಿಸಿತಾದರೂ ಬರ್ನಾರ್ಡ್ ಕಂಡ ಆಕಾಶ ಅಲ್ಲಿ ಮತ್ತೆ ಕಾಣದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತನ್ನ ದೂರದರ್ಶಕಕ್ಕೆ ಲಡಾಖ್‌ನ ಹಾನ್ಲೆಯವರೆಗೆ, ಸುಮಾರು 4,500 ಮೀಟರ್ ಎತ್ತರಕ್ಕೆ ಹೋಗಿ, ಅದನ್ನು ಹೊಸಕೋಟೆಯಿಂದ ನಡೆಸಬೇಕಾಗಿ ಬಂದದ್ದರ ಹಿಂದೆ ಒಣಹವೆಯಷ್ಟೇ ಕತ್ತಲೆಯ ಹುಡುಕಾಟವೂ ಇದೆ. 2022ರಲ್ಲಿ ಹಾನ್ಲೆಯ ಸುತ್ತಲಿನ ಪ್ರದೇಶವನ್ನು ಕತ್ತಲೆಯ ಆಕಾಶದ ಮೀಸಲು ತಾಣವೆಂದು ಘೋಷಿಸಲಾಯಿತು. ಕಾಡಿನಂತೆ, ಕೆರೆಯಂತೆ, ಕತ್ತಲೆಯನ್ನೂ ಬೇಲಿ ಹಾಕಿ ಕಾಪಾಡುವ ಕಾಲ ಬಂದಿದೆ.

ನಮ್ಮ ನಗರದ ಮಾಳಿಗೆಯಿಂದ ಇಂದು ಆಕಾಶಗಂಗೆ ಕಾಣುವುದಿಲ್ಲ. ಅದರೊಳಗಿನ ಕಪ್ಪು ತೇಪೆಗಳಂತೂ ಕಾಣುವ ಮಾತೇ ಇಲ್ಲ. ಬೆಳಕನ್ನು ನೋಡಿ ಬೆರಗಾಗುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಏನೂ ಇಲ್ಲವೆಂದು ಎಲ್ಲರೂ ಬಿಟ್ಟ ಜಾಗವನ್ನು ಮತ್ತೆ ಮತ್ತೆ ನೋಡಿ, ಅಲ್ಲೇನೋ ಇದೆ ಎಂದು ಕಂಡುಕೊಳ್ಳುವುದಕ್ಕೆ ಬೇರೆಯದೇ ತಾಳ್ಮೆ ಬೇಕು. ನ್ಯಾಶ್‌ವಿಲ್‌ನ ಆ ಬಡ ಹುಡುಗ ಮಾಳಿಗೆಯ ಮೇಲೆ ನಿದ್ದೆ ಹೋಗದೆ ಕಲಿತದ್ದು ಅದನ್ನೇ.