ಇಂದಿನ ಚಿಂತನೆ: ಬಾಬಾಸಾಹೇಬರ ಓದಿನ ಖರ್ಚು



ಮಕ್ಕಳನ್ನು ವಿದೇಶಕ್ಕೆ ಓದಲು ಕಳಿಸುವ ಮಾತು ಬಂದರೆ, ಗುಡವಿಯಲ್ಲಾಗಲಿ ಸೊರಬದಲ್ಲಾಗಲಿ, ನಮ್ಮ ಮನೆಗಳಲ್ಲಿ ಮೊದಲು ಕೇಳುವುದು ಎಷ್ಟು ದುಡ್ಡು ಬೇಕು ಎಂದೇ. ಬಾಬಾಸಾಹೇಬರ ಪದವಿಗಳ ಪಟ್ಟಿ ನಮಗೆಲ್ಲ ಬಾಯಿಪಾಠ. ಆ ಪದವಿಗಳಿಗೆ ಯಾರು ಏನು ತೆತ್ತರು ಎಂದು ಇಂದು ನೋಡೋಣ.

1907ರಲ್ಲಿ ಭೀಮರಾವ್ ಮೆಟ್ರಿಕ್ ಪಾಸಾದಾಗ ತಾವು ಮರಾಠಿಯಲ್ಲಿ ಬರೆದ ಬುದ್ಧಚರಿತ್ರೆಯನ್ನು ಉಡುಗೊರೆಯಾಗಿ ಕೊಟ್ಟವರು ಕೇಳೂಸ್ಕರ್ ಗುರುಗಳು. ಮುಂದೆ ಕಾಲೇಜಿಗೆ ದುಡ್ಡಿಲ್ಲದಾಗ ಬರೋಡಾದ ಸಯಾಜಿರಾವ್ ಮಹಾರಾಜರ ಬಳಿಗೆ ಕರೆದೊಯ್ದವರೂ ಅವರೇ. ತಿಂಗಳಿಗೆ 25 ರೂಪಾಯಿ ಮಂಜೂರಾಯಿತು. ಬುದ್ಧನ ಪರಿಚಯವೂ ಫೀಸಿನ ದಾರಿಯೂ ಒಂದೇ ಕೈಯಿಂದ ಬಂದವು.

1913ರ ಫೆಬ್ರವರಿಯಲ್ಲಿ ತಂದೆ ರಾಮಜಿ ತೀರಿಕೊಂಡರು. ಅದೇ ವರ್ಷ ಸಂಸ್ಥಾನವು 3 ವರ್ಷಕ್ಕೆ, ತಿಂಗಳಿಗೆ 11.5 ಪೌಂಡ್ ವಿದ್ಯಾರ್ಥಿವೇತನ ಕೊಟ್ಟು ಅವರನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿತು. ಪೌಂಡಿಗೆ ಆಗ 15 ರೂಪಾಯಿ. ಅಂದರೆ ಸುಮಾರು 172 ರೂಪಾಯಿ. ಊಟ, ಬಾಡಿಗೆ, ಹಳೆ ಪುಸ್ತಕ ಎಲ್ಲ ಅದರಲ್ಲೇ. ಮರಳಿದ ಮೇಲೆ 10 ವರ್ಷ ಸಂಸ್ಥಾನದ ನೌಕರಿ ಮಾಡಬೇಕೆಂಬ ಕರಾರು ಬೇರೆ.

1916ರಲ್ಲಿ ಲಂಡನ್ನಿಗೆ ಹೋದರು. ವೇತನ ನಿಂತಿತು; ಮರುವರ್ಷ ಓದು ಅರ್ಧಕ್ಕೇ ಬಿಟ್ಟು ಬರಬೇಕಾಯಿತು. ಬೇರೆ ಹಡಗಿನಲ್ಲಿ ಕಳಿಸಿದ್ದ ಪುಸ್ತಕಗಳು ಟಾರ್ಪಿಡೊ ದಾಳಿಯಲ್ಲಿ ಮುಳುಗಿದವು. ಬರೋಡಾಕ್ಕೆ ಹೋದರೆ ಇರಲು ಯಾರೂ ಮನೆ ಕೊಡಲಿಲ್ಲ, ಪಾರ್ಸಿ ವಸತಿಗೃಹದಿಂದಲೂ ಹೊರಹಾಕಿದರು. ಕರಾರು ಮುರಿದದ್ದು ಬಾಬಾಸಾಹೇಬರಲ್ಲ, ಆ ಊರು.

1918ರಲ್ಲಿ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು, ಸಂಬಳ 450 ರೂಪಾಯಿ. ಒಳ್ಳೆಯ ಸಂಬಳವೇ. ಆದರೂ ಪರೇಲಿನ ಚಾಳಿನಲ್ಲಿ ರಮಾಯಿ ಬಿಗಿ ಕೈಯಿಂದಲೇ ಸಂಸಾರ ನಡೆಸಿದರು, ಉಳಿದದ್ದು ಲಂಡನ್ನಿಗೆ ಬೇಕಿತ್ತು. ಆ ಉಳಿತಾಯ, ಕೊಲ್ಲಾಪುರದ ಶಾಹೂ ಮಹಾರಾಜರ ನೆರವು, ಗೆಳೆಯ ನವಲ್ ಭತೇನಾ ಕೊಟ್ಟ 5,000 ರೂಪಾಯಿ ಸಾಲ, ಇಷ್ಟು ಕೂಡಿಸಿಕೊಂಡು 1920ರಲ್ಲಿ ಮತ್ತೆ ಹೊರಟರು. ಅಲ್ಲಿ ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯದಲ್ಲಿ ಬೆಳಗಿನಿಂದ ಬಾಗಿಲು ಹಾಕುವವರೆಗೆ ಓದು. ರಾತ್ರಿ ಹಸಿವಿಗೆ ಸುಟ್ಟ ಹಪ್ಪಳ.

ಇಲ್ಲೊಂದು ಮಾತು ಹೇಳಬೇಕು. 1920ರ ಆರಂಭದಲ್ಲಿ 2 ಶಿಲ್ಲಿಂಗ್‌ಗಿಂತ ಮೇಲಿದ್ದ ರೂಪಾಯಿ, ಮರುವರ್ಷ 1 ಶಿಲ್ಲಿಂಗ್ 4 ಪೆನ್ನಿಗಿಂತ ಕೆಳಗಿಳಿದಿತ್ತು. ಊರಿನ ದುಡ್ಡಿನಲ್ಲಿ ಲಂಡನ್ನಿನಲ್ಲಿ ಬದುಕುವವರಿಗೆ ಇದರರ್ಥ ಬಿಡಿಸಿ ಹೇಳಬೇಕಿಲ್ಲ. ಬಾಬಾಸಾಹೇಬರು ಡಿ.ಎಸ್ಸಿ.ಗೆ ಆರಿಸಿಕೊಂಡ ವಿಷಯ ಇದೇ ರೂಪಾಯಿಯ ಸಮಸ್ಯೆ! 1923ರಲ್ಲಿ ಪದವಿ ಬಂತು. ಬ್ಯಾರಿಸ್ಟರ್ ಆಗಿಯೂ ವಕೀಲಿಯ ಸನದು ಪಡೆಯಲು ಕೈಯಲ್ಲಿ ಕಾಸಿರಲಿಲ್ಲ. ಮತ್ತೆ ಭತೇನಾ ಅವರೇ ಕೊಟ್ಟರು.

ರಾಜರ ಕೃಪೆ, ಗೆಳೆಯನ ಸಾಲ ಎಲ್ಲರಿಗೂ ಸಿಗುವಂಥದ್ದಲ್ಲ. ಇದನ್ನು ಅನುಭವಿಸಿ ಬಲ್ಲವರಾದ್ದರಿಂದಲೇ 1942ರಲ್ಲಿ ವೈಸರಾಯ್ ಮಂಡಳಿ ಸೇರಿದ ಮೇಲೆ, ನಮ್ಮ ಮಕ್ಕಳ ಉನ್ನತ ವ್ಯಾಸಂಗಕ್ಕೆ, ವಿದೇಶದ ಓದಿಗೂ, ಸರ್ಕಾರವೇ ಹಣ ಕೊಡಬೇಕೆಂದು ಮನವಿ ಬರೆದರು. ಇಂದು ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ, ನಮ್ಮ ರಾಜ್ಯದ ಪ್ರಬುದ್ಧ ಯೋಜನೆಯಿದೆ. ಓದುವ ಮಕ್ಕಳಿರುವ ಮನೆಯವರು ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ.

ರಮಾಯಿ ತೆತ್ತದ್ದನ್ನು ಮಾತ್ರ ಪೌಂಡಿನಲ್ಲಿ ಬರೆಯಲಾಗದು. ಐದು ಮಕ್ಕಳಲ್ಲಿ ಉಳಿದದ್ದು ಯಶವಂತ ಒಬ್ಬನೇ. 1935ರಲ್ಲಿ ಅವರೂ ಹೋದರು. ಪಾಕಿಸ್ತಾನದ ಪ್ರಶ್ನೆ ಕುರಿತು ಬರೆದ ತಮ್ಮ ದೊಡ್ಡ ಗ್ರಂಥವನ್ನು ಬಾಬಾಸಾಹೇಬರು ಅರ್ಪಿಸಿದ್ದು ರಾಮುವಿನ ನೆನಪಿಗೆ, ಗೆಳೆಯರಿಲ್ಲದ ಆ ಬಡತನದ ದಿನಗಳಲ್ಲಿ ಜೊತೆಗಿದ್ದು ನೊಂದಿದ್ದಕ್ಕಾಗಿ.