ಪೂರ್ವಿಕರ ಹೆಸರುಗಳನ್ನು ಕಾಯ್ದ ಸಹೋದರ

ಐರಿಷ್ ಮೂಲದ ಕುಟುಂಬಗಳು ಪೂರ್ವಿಕರನ್ನು ಅರಸುವಾಗ ಧರ್ಮಕೇಂದ್ರಗಳ ಜ್ಞಾನಸ್ನಾನ ದಾಖಲೆಗಳನ್ನು ತೆರೆಯುತ್ತವೆ. ಅವಕ್ಕೂ ಹಿಂದಿನ ವಂಶಾವಳಿಗಳು ಉಳಿದುಬಂದುದರಲ್ಲಿ ಸಹೋದರ ಮೈಕಲ್ ಓ ಕ್ಲೆರಿಯವರ ಪಾಲು ಹಿರಿದು.

ಐರ್ಲೆಂಡಿನ ಡೊನೆಗಾಲ್ ಸೀಮೆಯ ಚರಿತ್ರಕಾರರ ಮನೆತನದಲ್ಲಿ ಜನಿಸಿದ ಅವರು, ಇಂದಿನ ಬೆಲ್ಜಿಯಂನ ಲೂವೇನ್ ನಗರದಲ್ಲಿದ್ದ ಐರಿಷ್ ಫ್ರಾನ್ಸಿಸ್ಕನ್ ಮಠವನ್ನು ಸೇರಿ, ಗುರುದೀಕ್ಷೆ ಪಡೆಯದೆ ಸಹೋದರರಾಗಿಯೇ ಬಾಳಿದರು. ಆಂಗ್ಲರ ಆಳ್ವಿಕೆಯಲ್ಲಿ ವಿದ್ವಾಂಸರ ಮನೆತನಗಳು ಆಶ್ರಯ ಕಳೆದುಕೊಂಡು, ಹಸ್ತಪ್ರತಿಗಳು ಅಳಿಯತೊಡಗಿದ್ದವು. 1626ರಲ್ಲಿ ಮಠವು ಅವರನ್ನು ಸ್ವದೇಶಕ್ಕೆ ಕಳುಹಿಸಿತು. ಅವರು ಊರೂರು ಅಲೆದು, ದೊರೆತುದನ್ನೆಲ್ಲ ನಕಲು ಮಾಡಿದರು. 1630ರಲ್ಲಿ ಸಂತರ ಹಾಗೂ ಅರಸರ ವಂಶಾವಳಿಯನ್ನೂ, 1636ರಲ್ಲಿ ಸಂಗಡಿಗರೊಡನೆ ಐರ್ಲೆಂಡಿನ ಬೃಹತ್ ವಾರ್ಷಿಕ ವೃತ್ತಾಂತವನ್ನೂ ಪೂರ್ಣಗೊಳಿಸಿದರು. 1643ರಲ್ಲಿ ಲೂವೇನಿನಲ್ಲಿ ದೈವಾಧೀನರಾದರು.

ಅವರು ಕಂಡ ಮೂಲಪ್ರತಿಗಳಲ್ಲಿ ಹಲವು ಇಂದಿಲ್ಲ, ಅವರ ನಕಲುಗಳಿವೆ. ಅಗಲಿದವರ ಹೆಸರನ್ನು ಬರೆದಿಡುವುದೂ ಪ್ರೀತಿಯ ಸೇವೆಯೆಂಬುದಕ್ಕೆ ಅವರ ಬಾಳೇ ಸಾಕ್ಷಿ.