ಜೆಸ್ಸಿ ಓವೆನ್ಸ್: ಒಬ್ಬ ಓಟಗಾರನ ಧರ್ಮಸಂಕಟ

ಪಂದ್ಯದಲ್ಲಿ ಗೆದ್ದ ವೀರರು ಅನೇಕರು. ಆ ಪಂದ್ಯಕ್ಕೆ ಹೋಗುವುದು ಧರ್ಮವೇ ಅಲ್ಲವೇ ಎಂಬ ಪ್ರಶ್ನೆಯನ್ನು ಬಾಳಿನಲ್ಲಿ ಮೂರು ಬಾರಿ ಎದುರಿಸಿದವರು ವಿರಳ. ಅಮೆರಿಕದ ಜೆಸ್ಸಿ ಓವೆನ್ಸ್ ಅಂಥವರಲ್ಲೊಬ್ಬರು.

1913ರ ಸೆಪ್ಟೆಂಬರ್ 12ರಂದು ಅಲಬಾಮಾ ಪ್ರಾಂತದ ಓಕ್‌ವಿಲ್‌ನಲ್ಲಿ ಅವರ ಜನನ. ಅಜ್ಜಂದಿರು ಗುಲಾಮರು, ತಂದೆ ಪರರ ಹೊಲವನ್ನು ಪಾಲಿಗೆ ಉಳುತ್ತಿದ್ದ ಬಡ ರೈತ. ಬಾಲಕನಿಗೆ ಒಂಬತ್ತು ವರ್ಷವಾದಾಗ ಕುಟುಂಬವು ಕ್ಲೀವ್‌ಲೆಂಡ್ ನಗರಕ್ಕೆ ವಲಸೆ ಬಂದಿತು. ಸಂಜೆ ದುಡಿಯಲು ಹೋಗಬೇಕಾಗಿದ್ದ ಈ ವಿದ್ಯಾರ್ಥಿಗೆ ಚಾರ್ಲ್ಸ್ ರೈಲಿ ಎಂಬ ಶಿಕ್ಷಕರು ಶಾಲೆ ಆರಂಭವಾಗುವ ಮುನ್ನವೇ ಓಟದ ಅಭ್ಯಾಸ ಮಾಡಿಸಿದರು. ಆ ಗುರುವಿನ ಋಣವನ್ನು ಓವೆನ್ಸ್ ಕಡೆಯವರೆಗೂ ಸ್ಮರಿಸಿದರು.

ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಕರಿಯರೆಂಬ ಕಾರಣಕ್ಕೆ ಅವರಿಗೆ ವಸತಿಗೃಹದಲ್ಲಿ ಸ್ಥಳ ದೊರೆಯಲಿಲ್ಲ. ಆದರೂ 1935ರ ಮೇ 25ರಂದು, ಮುಕ್ಕಾಲು ಗಂಟೆಯ ಅವಧಿಯಲ್ಲಿ, ನಾಲ್ಕು ಸ್ಪರ್ಧೆಗಳಲ್ಲಿ ವಿಶ್ವದಾಖಲೆಗಳನ್ನು ಮುರಿದರು ಇಲ್ಲವೆ ಸರಿಗಟ್ಟಿದರು. ಅಂದಿನ 8.13 ಮೀಟರುಗಳ ಉದ್ದಜಿಗಿತದ ದಾಖಲೆ 1960ರವರೆಗೆ ಅಳಿಯಲಿಲ್ಲ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜರ್ಮನಿಯ ನಾಜಿ ಸರ್ಕಾರವು ಯೆಹೂದ್ಯರ ಪೌರತ್ವವನ್ನು ಕಸಿದುಕೊಂಡಿತು. ಮರುವರ್ಷದ ಒಲಿಂಪಿಕ್ ಕ್ರೀಡೆಗಳು ಬರ್ಲಿನ್ನಿನಲ್ಲಿ ನಡೆಯಬೇಕಾಗಿದ್ದವು. ಅಮೆರಿಕವು ಹೋಗಕೂಡದೆಂದು ಕ್ರೀಡಾಸಂಘದ ಅಧ್ಯಕ್ಷರಾದ ಜೆರೆಮಾಯ ಮಹೋನಿ ವಾದಿಸಿದರು. ಹೋಗಲೇಬೇಕೆಂದು ಒಲಿಂಪಿಕ್ ಸಮಿತಿಯ ಏವರಿ ಬ್ರಂಡೇಜ್ ಹಟ ಹಿಡಿದರು. ಓವೆನ್ಸರ ಮನಸ್ಸು ಮೊದಲು ಬಹಿಷ್ಕಾರದತ್ತಲೇ ಒಲಿದಿತ್ತು. ಕರಿಯರ ಹಕ್ಕುಗಳ ಸಂಘದ ವಾಲ್ಟರ್ ವೈಟ್ ಹೋಗದಿರುವಂತೆ ಅವರನ್ನು ಕೋರಿ ಪತ್ರವೊಂದನ್ನು ಬರೆದರಾದರೂ ಅದನ್ನು ಕಳುಹಿಸಲಿಲ್ಲವೆಂದು ತಿಳಿಯಲಾಗಿದೆ. ಡಿಸೆಂಬರಿನ ಸಭೆಯಲ್ಲಿ ಅತ್ಯಲ್ಪ ಮತಗಳ ಅಂತರದಿಂದ ಬಹಿಷ್ಕಾರದ ಪಕ್ಷ ಸೋತಿತು. ತರಬೇತುದಾರರ ಸಲಹೆಗೆ ಮಣಿದು ಓವೆನ್ಸ್ ಹೊರಟರು.

1936ರ ಆಗಸ್ಟಿನಲ್ಲಿ ಅವರು ನಾಲ್ಕು ಸ್ವರ್ಣಪದಕಗಳನ್ನು ಗೆದ್ದರು. ಉದ್ದಜಿಗಿತದಲ್ಲಿ ಸೋತ ಜರ್ಮನಿಯ ಲುಟ್ಸ್ ಲಾಂಗ್ ಎಲ್ಲರೆದುರು ಅವರನ್ನು ಅಭಿನಂದಿಸಿದರು. ಜನಾಂಗಶ್ರೇಷ್ಠತೆಯ ಗರ್ವಕ್ಕೆ ಅದು ತಕ್ಕ ಉತ್ತರವೇ ಸರಿ. ಆದರೆ ನಾಲ್ಕನೆಯ ಪದಕದ ಹಿಂದೆ ನೋವೊಂದಿದೆ. ಗ್ಲಿಕ್‌ಮನ್ ಮತ್ತು ಸ್ಟೋಲರ್ ಎಂಬ ಇಬ್ಬರು ಯೆಹೂದ್ಯ ಓಟಗಾರರನ್ನು ರಿಲೇ ತಂಡದಿಂದ ಕೊನೆಯ ಗಳಿಗೆಯಲ್ಲಿ ಕೈಬಿಟ್ಟು, ಓವೆನ್ಸ್ ಮತ್ತು ಮೆಟ್ಕಾಫರನ್ನು ಓಡಿಸಲಾಯಿತು. ತನಗೆ ಬಂದ ಪದಕಗಳು ಸಾಕು, ಅವರೇ ಓಡಲಿ ಎಂದು ಓವೆನ್ಸ್ ಬೇಡಿದರೆಂದು ಗ್ಲಿಕ್‌ಮನ್ ಮುಂದೆ ನೆನೆದರು. ಬೇಡಿಕೆ ಸಲ್ಲಲಿಲ್ಲ. ಹೋಗಿ ಗೆದ್ದವನು ಸಹ ಅನ್ಯಾಯದ ನೆರಳಿನಿಂದ ಹೊರಗುಳಿಯಲಾರ.

ತಾಯ್ನಾಡಿನಲ್ಲಿ ಅಧ್ಯಕ್ಷ ರೂಸ್‌ವೆಲ್ಟರಿಂದ ಅಭಿನಂದನೆಯೂ ಬರಲಿಲ್ಲ. ಹಣವಿಲ್ಲದ ಪ್ರದರ್ಶನ ಪ್ರವಾಸವನ್ನು ಮುಂದುವರಿಸಲೊಲ್ಲದ ಅವರನ್ನು ಕ್ರೀಡಾಸಂಘವು ಅಮಾನತುಗೊಳಿಸಿತು. ಹೊಟ್ಟೆಪಾಡಿಗಾಗಿ ಕುದುರೆಯೊಡನೆ ಪಂದ್ಯ ಕಟ್ಟಿ ಓಡಬೇಕಾಯಿತು. ಆರಂಭಿಸಿದ ಉದ್ಯಮವೂ ದಿವಾಳಿಯೆದ್ದಿತು. 1955ರಲ್ಲಿ ಅದೇ ದೇಶವು ಅವರನ್ನು ಸೌಹಾರ್ದ ಪ್ರತಿನಿಧಿಯಾಗಿ ಭಾರತಕ್ಕೆ ಕಳುಹಿಸಿತು.

1968ರಲ್ಲಿ ಮೆಕ್ಸಿಕೋ ಕ್ರೀಡೆಗಳನ್ನು ಬಹಿಷ್ಕರಿಸಲು ಕರಿಯ ತರುಣರು ಯೋಚಿಸಿದಾಗ ಓವೆನ್ಸ್ ವಿರೋಧಿಸಿದರು. ಬಹಿಷ್ಕಾರ ನಡೆಯಲಿಲ್ಲ. ಪದಕ ವೇದಿಕೆಯಲ್ಲಿ ಮುಷ್ಟಿಯೆತ್ತಿ ಪ್ರತಿಭಟಿಸಿದ ಸ್ಮಿತ್ ಮತ್ತು ಕಾರ್ಲೋಸರನ್ನು ಕ್ರೀಡಾಕೂಟದಿಂದ ಹೊರಹಾಕಲಾಯಿತು. ಆಗ ಅಂತರರಾಷ್ಟ್ರೀಯ ಸಮಿತಿಯ ಅಧ್ಯಕ್ಷರು ಅದೇ ಬ್ರಂಡೇಜ್. 1970ರ ಪುಸ್ತಕದಲ್ಲಿ ಪ್ರತಿಭಟನಕಾರರನ್ನು ಟೀಕಿಸಿದ ಓವೆನ್ಸ್, 1972ರ ಪುಸ್ತಕದಲ್ಲಿ ತಮ್ಮ ಅಭಿಪ್ರಾಯ ಬದಲಾಗಿದೆಯೆಂದು ಒಪ್ಪಿಕೊಂಡರು. ತಪ್ಪನ್ನು ಒಪ್ಪಿ ಬರೆಯುವ ಧೈರ್ಯ ಪದಕಕ್ಕಿಂತ ಕಿರಿದಲ್ಲ.

1980ರಲ್ಲಿ ಅಫ್ಘಾನಿಸ್ತಾನದ ಆಕ್ರಮಣಕ್ಕಾಗಿ ಮಾಸ್ಕೋ ಕ್ರೀಡೆಗಳನ್ನು ಬಹಿಷ್ಕರಿಸಲು ಅಧ್ಯಕ್ಷ ಕಾರ್ಟರ್ ನಿರ್ಧರಿಸಿದಾಗ, ರೋಗಪೀಡಿತರಾಗಿದ್ದ ಓವೆನ್ಸ್ ಅದನ್ನು ವಿರೋಧಿಸಿದರು. ಮಾರ್ಚ್ 31ರಂದು ನಿಧನರಾದರು.

ಅವರ ಬಾಳು ಪ್ರಶ್ನೆಗೆ ಸುಲಭವಾದ ಉತ್ತರ ಕೊಡುವುದಿಲ್ಲ. ನಾಲ್ಕು ಪದಕಗಳಿಂದ ಜರ್ಮನಿಯ ಶಾಸನಗಳು ಬದಲಾಗಲಿಲ್ಲ. ಅಮೆರಿಕದ ವರ್ಣಭೇದವೂ ಅಳಿಯಲಿಲ್ಲ. ಹಾಗೆಂದು, ಹಿರಿಯರು ಕೈಚೆಲ್ಲಿದ ಹೊರೆಯನ್ನು ಇಪ್ಪತ್ತೆರಡರ ಬಡ ತರುಣನೊಬ್ಬನ ಹೆಗಲಿಗೇರಿಸುವುದು ನ್ಯಾಯವೇ? 1974ರಲ್ಲಿ ವರ್ಣಭೇದವನ್ನು ಖಂಡಿಸಿ ದಕ್ಷಿಣ ಆಫ್ರಿಕದೆದುರು ಡೇವಿಸ್ ಕಪ್ ಅಂತಿಮ ಪಂದ್ಯವನ್ನು ಭಾರತ ಆಡದೆ ಬಿಟ್ಟುಕೊಟ್ಟಿತು. ಅದು ದೇಶವೇ ಹೊತ್ತ ಹೊಣೆ. ತ್ಯಾಗವನ್ನು ಬೋಧಿಸುವವರು ತಾವು ಅದರಲ್ಲಿ ಪಾಲುಗೊಳ್ಳಬೇಕು. ಮೈದಾನದಲ್ಲಿ ಮಕ್ಕಳನ್ನು ಓಡಿಸುವ ನಾವೆಲ್ಲರೂ ಮನಗಾಣಬೇಕಾದ ಮಾತಿದು.